ನೀರಿಗೆ ಎದುರಾಗಿ ಮೂರು ದಿನ: ಹಿರಿಯೂರಿನಿಂದ ಅರಸೀಕೆರೆಯವರೆಗೆ ಕೆರೆಯೂರುಗಳ ದಾರಿ

ಹೊಳಲ್ಕೆರೆ, ತರೀಕೆರೆ, ಅರಸೀಕೆರೆ ಎಂಬ ಹೆಸರುಗಳನ್ನು ಮೈಲಿಗಲ್ಲುಗಳ ಮೇಲೆ ಓದಿಕೊಂಡು ಮುಂದೆ ಸಾಗುತ್ತೇವೆಯೇ ಹೊರತು, ಆ ಹೆಸರುಗಳ ತುದಿಯಲ್ಲಿರುವ ಕೆರೆಯನ್ನು ನೋಡಲೆಂದು ವಾಹನ ನಿಲ್ಲಿಸುವವರು ಕಡಿಮೆ. ಬೆಂಗಳೂರಿನಿಂದ ಹೊರಟು, ಚಿತ್ರದುರ್ಗ, ದಾವಣಗೆರೆ, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಕೆರೆ ದಂಡೆಯ ಊರುಗಳನ್ನು ಮೂರು ದಿನಗಳಲ್ಲಿ ಸುತ್ತಿ ಹಿಂದಿರುಗುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಒಟ್ಟು ದೂರ 700ರಿಂದ 750 ಕಿ.ಮೀ. ಆದೀತು. ಕಾರಿನಲ್ಲಿ ಹೋಗುವವರಿಗೂ, ಹಗಲು ಹೊತ್ತಿನಲ್ಲಿ ಮಾತ್ರ ಓಡಿಸುವ ಶಿಸ್ತುಳ್ಳ ಬೈಕ್ ಸವಾರರಿಗೂ ಈ ದಾರಿ ಹೊಂದುತ್ತದೆ.

ಈ ಪ್ರಯಾಣವನ್ನು ಯೋಜಿಸುವಾಗ ನಕ್ಷೆಯಲ್ಲಿ ಮೊದಲು ಗುರುತಿಸಿಕೊಳ್ಳಬೇಕಾದದ್ದು ರಸ್ತೆಯನ್ನಲ್ಲ, ವೇದಾವತಿ ನದಿಯನ್ನು. ಬಾಬಾಬುಡನ್ ಗಿರಿಸಾಲಿನ ಮೂಡಣ ಮಗ್ಗುಲಲ್ಲಿ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಹುಟ್ಟುತ್ತವೆ. ವೇದಾ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯಲ್ಲಿ ನಿಂತು ಹೊರಡುತ್ತದೆ; ಅವತಿ ಎಮ್ಮೆದೊಡ್ಡಿಯ ಮದಗದ ಕೆರೆಯಲ್ಲಿ ನಿಂತು ಹೊರಡುತ್ತದೆ. ಎರಡೂ ಕಡೂರು ತಾಲ್ಲೂಕಿನಲ್ಲಿ ಕೂಡಿ ವೇದಾವತಿಯಾಗಿ, ಹೊಸದುರ್ಗದ ಸೀಮೆಯನ್ನು ದಾಟಿ, ಮಾರಿಕಣಿವೆಯ ಅಣೆಕಟ್ಟಿಗೆ ಬಂದು ವಾಣಿವಿಲಾಸ ಸಾಗರವಾಗುತ್ತವೆ. ಹೆಚ್ಚಿನವರು ಮೊದಲು ಚಿಕ್ಕಮಗಳೂರಿಗೆ ಹೋಗಿ, ಹಿಂದಿರುಗುವ ದಾರಿಯಲ್ಲಿ ಉಳಿದದ್ದನ್ನು ನೋಡೋಣವೆಂದುಕೊಳ್ಳುತ್ತಾರೆ. ನನ್ನ ಸಲಹೆ ಇದಕ್ಕೆ ವಿರುದ್ಧವಾದುದು. ಈ ದಾರಿಯ ಮಟ್ಟಿಗೆ ನೀರು ಕೊನೆಗೆ ತಲುಪುವ ಮಾರಿಕಣಿವೆಯಿಂದ ಆರಂಭಿಸಿ, ನೀರು ಮೊದಲು ನಿಲ್ಲುವ ಅಯ್ಯನಕೆರೆಯ ಕಡೆಗೆ, ಅಂದರೆ ಹರಿವಿಗೆ ಎದುರಾಗಿ ಹೋಗಬೇಕು. ಹಾಗೆ ಹೋದರೆ ಜಾಲಿಯ ಬಯಲಿನಿಂದ ತೆಂಗಿಗೆ, ತೆಂಗಿನಿಂದ ಅಡಕೆಗೆ, ಕೊನೆಗೆ ಮಲೆನಾಡಿನ ಅಂಚಿಗೆ ನೆಲದ ಬಣ್ಣ ಬದಲಾಗುವುದು ಕಣ್ಣೆದುರಿಗೇ ತಿಳಿಯುತ್ತದೆ. ಗಿರಿಯ ಹಸಿರನ್ನು ಮೊದಲೇ ನೋಡಿ ಬಂದವರ ಕಣ್ಣಿಗೆ ಹಿರಿಯೂರಿನ ಬಯಲು ಬರಡೆಂದು ಕಾಣುತ್ತದೆ. ಅದು ಆ ಬಯಲಿನ ತಪ್ಪಲ್ಲ.

ಹೊರಡುವ ಕಾಲ

ಅಕ್ಟೋಬರ್ ನಡುವಿನಿಂದ ಜನವರಿ ಕೊನೆಯವರೆಗಿನ ಅವಧಿ ಉತ್ತಮ. ಮುಂಗಾರು, ಹಿಂಗಾರು ಎರಡರ ನೀರೂ ಆ ಹೊತ್ತಿಗೆ ಕೆರೆಗೆ ಬಂದಿರುತ್ತದೆ. ಒಮ್ಮೆ ಏಪ್ರಿಲ್ ತಿಂಗಳಲ್ಲಿ ಹೋಗಿ, ಕೆರೆಯ ಅಂಗಳದಲ್ಲಿ ದನಗಳು ಮೇಯುತ್ತಿದ್ದುದನ್ನು, ಹುಡುಗರು ಕ್ರಿಕೆಟ್ ಆಡುತ್ತಿದ್ದುದನ್ನು ನೋಡಿ ಬಂದವನು ನಾನು. ಮಳೆ ಕೈಕೊಟ್ಟ ವರ್ಷಗಳಲ್ಲಿ ಡಿಸೆಂಬರ್‌ನಲ್ಲಿಯೇ ಸಣ್ಣ ಕೆರೆಗಳು ತಳ ಕಾಣಿಸುವುದರಿಂದ, ಹೊರಡುವ ಹಿಂದಿನ ವಾರ ಆ ಕಡೆಯ ಪರಿಚಿತರಿಗೆ ಫೋನ್ ಮಾಡಿ ಕೇಳುವುದು ಒಳ್ಳೆಯದು. ಕೇಳುವಾಗ "ನೀರು ಇದೆಯೇ" ಎನ್ನುವುದಕ್ಕಿಂತ "ಕೋಡಿ ಬಿದ್ದಿದೆಯೇ" ಎಂದು ಕೇಳಿರಿ. ಕೆರೆ ತುಂಬಿ ಹೆಚ್ಚಿನ ನೀರು ಹೊರಗೆ ಹರಿಯುವುದಕ್ಕೆ ಹಳ್ಳಿಯವರು ಹೇಳುವ ಮಾತು ಅದು. ಉತ್ತರ ಹೌದೆಂದಾದರೆ ಬೇರೇನನ್ನೂ ವಿಚಾರಿಸಬೇಕಾಗಿಲ್ಲ.

ಡಿಸೆಂಬರ್ ಮತ್ತು ಜನವರಿಯಲ್ಲಿ ಹೋಗುವವರಿಗೆ ಒಂದು ಎಚ್ಚರಿಕೆ ಅಗತ್ಯ. ಆ ತಿಂಗಳುಗಳು ಒಕ್ಕಣೆಯ ಕಾಲ. ಕಣ ಮಾಡುವ ರೂಢಿ ಕಡಿಮೆಯಾದ ಮೇಲೆ ರೈತರು ರಾಗಿ, ಹುರುಳಿಯ ಕಟಾವನ್ನು ಡಾಂಬರು ರಸ್ತೆಯ ಮೇಲೆಯೇ ಹರಡಿ, ಓಡಾಡುವ ವಾಹನಗಳಿಂದ ತುಳಿಸುತ್ತಾರೆ. ಬೈಕಿನ ಚಕ್ರ ಅದರ ಮೇಲೆ ಸುಲಭವಾಗಿ ಜಾರುತ್ತದೆ. ಕಾರಿನವರಿಗೆ ಬೇರೆ ಅಪಾಯವಿದೆ: ಒಣ ಹುಲ್ಲು ಕಾರಿನ ಅಡಿಭಾಗಕ್ಕೆ ಸುತ್ತಿಕೊಂಡು, ಬಿಸಿಯಾದ ಹೊಗೆ ಕೊಳವೆಗೆ ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ದಪ್ಪನೆಯ ಹಾಸನ್ನು ದಾಟಿದ ಕೂಡಲೇ ನಿಲ್ಲಿಸಿ, ಬಗ್ಗಿ ನೋಡಿ, ಸಿಕ್ಕಿಕೊಂಡ ಹುಲ್ಲನ್ನು ಕೋಲಿನಿಂದ ಎಳೆದು ತೆಗೆಯಿರಿ. ಇದನ್ನು ಉದಾಸೀನ ಮಾಡಿದ ದಿನ ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆ ನನಗೆ ಬುದ್ಧಿ ಬಂತು.

ವಾಹನದ ವಿಷಯದಲ್ಲಿ ಹೆಚ್ಚು ಹೇಳುವುದೇನೂ ಇಲ್ಲ. ಬದಲಿ ಚಕ್ರದಲ್ಲಿ ಗಾಳಿ ಇರಲಿ, ಏಕೆಂದರೆ ಕೆರೆ ದಂಡೆಯ ಮಣ್ಣುದಾರಿಗಳಲ್ಲಿ ಜಾಲಿ ಮುಳ್ಳು ತಪ್ಪಿದ್ದಲ್ಲ. ಪೆಟ್ರೋಲ್, ಶೌಚಾಲಯ ಎರಡಕ್ಕೂ ತಾಲ್ಲೂಕು ಕೇಂದ್ರಗಳನ್ನೇ ನೆಚ್ಚಿಕೊಳ್ಳಿರಿ. ಹೆಂಗಸರು, ಮಕ್ಕಳು ಜೊತೆಗಿದ್ದರೆ ಮುಂದಿನ ಊರಿನಲ್ಲಿ ನೋಡೋಣ ಎಂದು ಮುಂದೂಡುವುದು ಸರಿಯಲ್ಲ.

ಕೆರೆಯನ್ನು ನೋಡುವ ಬಗೆ

ನೀರನ್ನು ನೋಡಿ, ಚಿತ್ರ ತೆಗೆದುಕೊಂಡು ಹೊರಡುವುದಾದರೆ ಮೂರನೆಯ ಕೆರೆಯ ಹೊತ್ತಿಗೆ ಬೇಸರ ಬರುತ್ತದೆ. ಹಾಗಾಗದಿರಲು ಕೆರೆಯ ಅಂಗಾಂಗಗಳ ಪರಿಚಯವಿರಬೇಕು. ಹೊಳೆಗೆ ಅಡ್ಡಲಾಗಿ, ಸಾಮಾನ್ಯವಾಗಿ ಎರಡು ದಿಣ್ಣೆ ಅಥವಾ ಗುಡ್ಡಗಳ ನಡುವೆ ಹಾಕಿದ ಮಣ್ಣಿನ ಕಟ್ಟೆಯೇ ಏರಿ. ಅದರ ನೀರಿನ ಕಡೆಯ ಇಳಿಜಾರಿಗೆ ಅಲೆಯ ಹೊಡೆತ ತಾಳಲೆಂದು ಕಲ್ಲು ಹೊದಿಸಿರುತ್ತಾರೆ. ಏರಿಯ ಅಡಿಯಿಂದ ನೀರು ಬಿಡುವ ಬಾಯಿ ತೂಬು. ಹಳೆಯ ಕೆರೆಗಳಲ್ಲಿ ನೀರಿನ ಒಳಗೆ ಎರಡು ಕಲ್ಲುಕಂಬಗಳು, ಅವುಗಳಿಗೆ ಅಡ್ಡಪಟ್ಟಿಕೆ ಇರುವುದು ಕಂಡರೆ ತೂಬು ಅಲ್ಲಿದೆ ಎಂದು ತಿಳಿಯಬೇಕು. ಹೆಚ್ಚಿನ ನೀರು ಹೊರಹೋಗುವ ಜಾಗ ಕೋಡಿ. ತೂಬಿನ ನೀರು ಉಣ್ಣುವ ಗದ್ದೆ ತೋಟಗಳೆಲ್ಲ ಸೇರಿ ಅಚ್ಚುಕಟ್ಟು. ಆ ನೀರನ್ನು ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕೆಂದು ನೋಡಿಕೊಳ್ಳುತ್ತಿದ್ದವನು ನೀರುಗಂಟಿ.

ಕೆರೆಗೆ ಬಂದೊಡನೆ ಏರಿಯ ನಡುವೆ ನಿಂತು ಎರಡೂ ಕಡೆ ನೋಡಿರಿ. ಒಂದು ಕಡೆ ನೀರು, ಇನ್ನೊಂದು ಕಡೆ ನೀರಿನ ಮಟ್ಟಕ್ಕಿಂತ ಎಷ್ಟೋ ಕೆಳಗೆ ಹಾಸಿಕೊಂಡಿರುವ ತೆಂಗು, ಅಡಕೆ, ಭತ್ತ. ಈ ಎರಡನ್ನೂ ಒಟ್ಟಿಗೆ ನೋಡಿದರೆ ಮಾತ್ರ ಕೆರೆ ನೋಡಿದಂತೆ. ತೂಬಿನ ಹತ್ತಿರ ನೀರಿಗೆ ಇಳಿಯುವುದು ಬೇಡವೇ ಬೇಡ. ಅಲ್ಲಿನ ಸೆಳೆತ ಮೇಲಿನಿಂದ ಕಾಣಿಸುವುದಿಲ್ಲ. ದಂಡೆಯಲ್ಲಿ ಹೂಳು ಇರುವುದರಿಂದ ಮೊಣಕಾಲುದ್ದದ ನೀರಿನಲ್ಲಿಯೂ ಕಾಲು ಸಿಕ್ಕಿಕೊಳ್ಳುತ್ತದೆ. ಮಳೆ ಬಂದ ಮರುದಿನ ಮಣ್ಣಿನ ಏರಿಯ ಮೇಲೆ ಕಾರು ಹತ್ತಿಸಬೇಡಿರಿ.

ಮೊದಲ ದಿನ: ಮಾರಿಕಣಿವೆಯಿಂದ ಚನ್ನಗಿರಿಗೆ

ಬೆಳಗಿನ ಐದೂವರೆಗೆ ಮುಂಚೆ ಬೆಂಗಳೂರು ಬಿಟ್ಟರೆ ತುಮಕೂರು, ಶಿರಾ ದಾಟಿ 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಒಂಬತ್ತರೊಳಗೆ ಹಿರಿಯೂರಿನಲ್ಲಿರಬಹುದು. ಸುಮಾರು 160 ಕಿ.ಮೀ. ತಿಂಡಿಯನ್ನು ತುಮಕೂರಿಗೆ ಸ್ವಲ್ಪ ಮೊದಲು ಸಿಗುವ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಲ್ಲಿ ಮುಗಿಸಿಕೊಳ್ಳುವುದು ಜಾಣತನ. ಹಿರಿಯೂರಿನಿಂದ ಹೆದ್ದಾರಿ ಬಿಟ್ಟು ಪಡುವಣಕ್ಕೆ ತಿರುಗಿದರೆ ಸುಮಾರು 20 ಕಿ.ಮೀ. ದೂರದಲ್ಲಿ ವಾಣಿವಿಲಾಸ ಸಾಗರ.

ಈ ಭಾಗದವರು ಇದನ್ನು ಇಂದಿಗೂ ಮಾರಿಕಣಿವೆ ಎನ್ನುತ್ತಾರೆ. ದಾರಿ ಕೇಳುವಾಗ ಆ ಹೆಸರನ್ನೇ ಹೇಳಿರಿ. ಕಣಿವೆ ಮಾರಮ್ಮನ ಗುಡಿಯೂ ಅಲ್ಲಿಯೇ ಇದೆ. 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿದ ಈ ಕಲ್ಲಿನ ಕಟ್ಟೆಗೆ, ನಾಲ್ವಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದಾಗ ರಾಜಪ್ರತಿನಿಧಿಯಾಗಿ ಮೈಸೂರನ್ನು ಆಳಿದ ಅವರ ತಾಯಿ, ವಾಣಿವಿಲಾಸ ಸನ್ನಿಧಾನದ ಕೆಂಪನಂಜಮ್ಮಣ್ಣಿಯವರ ಹೆಸರಿದೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಂಡಿಯನ್ನು ಮುಚ್ಚಿ ಹಿಂದೆ 30 ಟಿಎಂಸಿ ಅಡಿ ನೀರು ನಿಲ್ಲಿಸಿದ್ದಾರೆ ಎಂಬುದು ಕಟ್ಟೆಯ ಎದುರು ನಿಂತಾಗ ನಂಬಿಕೆಗೆ ನಿಲುಕುವುದಿಲ್ಲ. ಪಕ್ಕದ ಗುಡ್ಡವನ್ನು ಸ್ವಲ್ಪ ಹತ್ತಿ ನೋಡಿದರೆ ತಿಳಿಯುತ್ತದೆ. ಕಟ್ಟೆ ಚಿಕ್ಕದು, ಅದರ ಹಿಂದಿನ ಬಯಲು ದೊಡ್ಡದು. ಜಾಗವನ್ನು ಆರಿಸಿದವರ ಕಣ್ಣಿನ ಕೆಲಸವೇ ಅರ್ಧಕ್ಕಿಂತ ಹೆಚ್ಚು.

ಜಲಾಶಯದ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಈ ಕಟ್ಟೆ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರ ಸೆಪ್ಟೆಂಬರ್‌ನಲ್ಲಿ. ಆ ನಡುವಿನ ಕಾಲದಲ್ಲಿ ಹುಟ್ಟಿ ಮುದುಕರಾದವರು ತಮ್ಮ ಊರಿನ ಕೋಡಿಯನ್ನು ಮೊದಲ ಬಾರಿಗೆ ಕಂಡರು. 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿ ಹರಿಯಿತು. ಒಳ್ಳೆಯ ಮಳೆಯ ಜೊತೆಗೆ, ಭದ್ರಾ ನದಿಯ ನೀರನ್ನು ಪಂಪುಗಳಿಂದ ಮೇಲೆತ್ತಿ ಅಜ್ಜಂಪುರದ ಬಳಿಯ ಸುರಂಗದ ಮೂಲಕ ಇತ್ತ ಹರಿಸುವ ಭದ್ರಾ ಮೇಲ್ದಂಡೆ ಯೋಜನೆಯೂ ಇದಕ್ಕೆ ಕಾರಣ. ಆ ಅಜ್ಜಂಪುರವನ್ನು ನಾಳೆ ನೀವು ಹಾದುಹೋಗುತ್ತೀರಿ. ಕಟ್ಟೆಯ ಮೇಲೆ ನಡೆಯಲು ಕಾವಲಿನವರು ಬಿಟ್ಟಷ್ಟೇ ದೂರ ಹೋಗಿರಿ, ಬಿಡದಿದ್ದರೆ ವಾದಕ್ಕಿಳಿಯಬೇಡಿರಿ. ಇಲ್ಲಿಗೆ ಎರಡು ಗಂಟೆ ಮೀಸಲಿಡಬೇಕು.

ಮಧ್ಯಾಹ್ನ ಹೊಸದುರ್ಗಕ್ಕೆ ಬಂದು ಊಟ ಮಾಡಿ, ಹೊಳಲ್ಕೆರೆಯ ದಾರಿ ಹಿಡಿಯಿರಿ. ಹೊಳಲ್ಕೆರೆಯಲ್ಲಿ ಬಯಲು ಗಣಪತಿಯ ಎದುರು ಅರ್ಧ ಗಂಟೆ ನಿಲ್ಲಬಹುದು. ಅಲ್ಲಿಂದ ಚನ್ನಗಿರಿಯ ಕಡೆಗೆ ಸಾಗುತ್ತಿದ್ದಂತೆ ರಸ್ತೆಯ ಎರಡೂ ಬದಿ ಅಡಕೆ ತೋಟಗಳು ಹತ್ತಿರ ಹತ್ತಿರವಾಗುತ್ತವೆ. ಕೊಯ್ಲಿನ ಕಾಲವಾದರೆ ಅಂಗಳಗಳಲ್ಲಿ ಅಡಕೆ ಬೇಯಿಸುವ ಹಂಡೆಗಳ ಚೊಗರು ವಾಸನೆ ಕಾರಿನೊಳಗೂ ಬರುತ್ತದೆ. ಕತ್ತಲೊಳಗೆ ಚನ್ನಗಿರಿ ಸೇರುವಂತಿರಲಿ. ಅಲ್ಲಿ ಸಾದಾ ವಸತಿಗೃಹಗಳಲ್ಲಿ ತಂಗಬಹುದು. ಹೆಚ್ಚಿನ ಅನುಕೂಲ ಬಯಸುವವರು ಇನ್ನೂ ಒಂದು ಗಂಟೆಗೂ ಮೀರಿ ಪ್ರಯಾಣ ಮಾಡಿ ದಾವಣಗೆರೆಗೆ ಹೋಗಬಹುದು, ಅವರಿಗೆ ಬೆಳಗ್ಗೆ ಬೆಣ್ಣೆ ದೋಸೆಯ ಲಾಭವಿದೆ. ಆದರೆ ಸೂರ್ಯೋದಯದ ಹೊತ್ತಿಗೆ ಚನ್ನಗಿರಿಗೆ ಹತ್ತಿರದ ಸೂಳೆಕೆರೆಯ ಮೇಲಿರುವ ಮಂಜು ಅವರಿಗೆ ಸಿಗುವುದಿಲ್ಲ. ನಾನಾದರೆ ಮಂಜನ್ನೇ ಆರಿಸಿಕೊಳ್ಳುತ್ತೇನೆ.

ಎರಡನೆಯ ದಿನ: ಸೂಳೆಕೆರೆ, ನಂತರ ಅಯ್ಯನಕೆರೆ

ಸರ್ಕಾರಿ ಫಲಕಗಳಲ್ಲಿ ಶಾಂತಿಸಾಗರ, ಜನರ ಬಾಯಲ್ಲಿ ಸೂಳೆಕೆರೆ. ಆರು ಸಾವಿರ ಎಕರೆಗೂ ಮೀರಿ ಹರಡಿರುವ ಈ ಕೆರೆಯನ್ನು 12ನೆಯ ಶತಮಾನದಲ್ಲಿ ಶಾಂತವ್ವ ಎಂಬ ರಾಜಕುಮಾರಿ ಕಟ್ಟಿಸಿದಳೆಂದೂ, ಕೆರೆಯ ಅಂಗಳವಾಗಬೇಕಿದ್ದ ನೆಲ ಸೂಳೆಯರದಾಗಿದ್ದು, ತಮ್ಮ ಹೆಸರಿಡುವುದಾದರೆ ಬಿಟ್ಟುಕೊಡುತ್ತೇವೆಂದು ಅವರು ಹೇಳಿದರೆಂದೂ ಈ ಸೀಮೆಯಲ್ಲಿ ಕಥೆಯಿದೆ. ಹೆಸರನ್ನು ತಿದ್ದಿದವರು ಶಾಂತವ್ವನನ್ನು ಉಳಿಸಿಕೊಂಡರು, ಜಮೀನು ಕೊಟ್ಟವರನ್ನು ಬಿಟ್ಟರು. ಹಳ್ಳಿಯವರು ಮಾತ್ರ ಒಪ್ಪಂದಕ್ಕೆ ತಪ್ಪಿಲ್ಲ.

ಹರಿದ್ರಾ ಹೊಳೆಗೆ ಎರಡು ಗುಡ್ಡಗಳ ನಡುವೆ ಹಾಕಿದ ಏರಿಯ ಉದ್ದ ಕೆರೆಯ ವಿಸ್ತಾರಕ್ಕೆ ಹೋಲಿಸಿದರೆ ತೀರ ಕಡಿಮೆ. ನಿನ್ನೆ ಮಾರಿಕಣಿವೆಯಲ್ಲಿ ಕಂಡ ಜಾಣ್ಮೆಯನ್ನೇ ಏಳೆಂಟು ನೂರು ವರ್ಷ ಮೊದಲು, ಮಣ್ಣು ಕಲ್ಲುಗಳಲ್ಲಿ ಸಾಧಿಸಿರುವುದನ್ನು ಇಲ್ಲಿ ಕಾಣಬಹುದು. ಎರಡು ಸ್ಥಳಗಳನ್ನು ಬೆನ್ನುಬೆನ್ನಿಗೆ ನೋಡಬೇಕೆಂದು ನಾನು ಒತ್ತಾಯಿಸುವುದು ಈ ಕಾರಣದಿಂದ. ನೀರು ಸಿದ್ದ ನಾಲೆ ಮತ್ತು ಬಸವ ನಾಲೆ ಎಂಬ ಎರಡು ಕಾಲುವೆಗಳಲ್ಲಿ ಹೊರಡುತ್ತದೆ. ಏರಿಯ ಬಳಿ ಸಿದ್ದೇಶ್ವರನ ಗುಡಿಯಿದೆ. ಅಲ್ಲಿಯೇ ವಾಹನ ನಿಲ್ಲಿಸಿ, ಆರೂವರೆಯ ಹೊತ್ತಿಗೆ ಏರಿಯ ಮೇಲಿದ್ದರೆ, ಮೀನುಗಾರರ ತೆಪ್ಪಗಳು ಮಂಜಿನಿಂದ ಒಂದೊಂದಾಗಿ ಹೊರಬರುವುದನ್ನು ನೋಡಬಹುದು. ದಡದಲ್ಲಿ ಮೀನು ತೂಗುವ ಗಡಿಬಿಡಿಯಲ್ಲಿ ಕ್ಯಾಮೆರಾ ಹಿಡಿದು ನಡುವೆ ನುಗ್ಗಬಾರದು. ಹಿರಿಯರೊಬ್ಬರನ್ನು "ಯಜಮಾನ್ರೇ" ಎಂದು ಮಾತನಾಡಿಸಿ ಅನುಮತಿ ಕೇಳಿದರೆ, ಈ ವರ್ಷ ಯಾವ ಮೀನು ಹೆಚ್ಚು ಎಂಬುದರಿಂದ ಹಿಡಿದು ಹೂಳಿನವರೆಗೆ ತಾವಾಗಿಯೇ ಹೇಳುತ್ತಾರೆ. ಚಿತ್ರದುರ್ಗ ನಗರ ಕುಡಿಯುವುದು ಈ ಕೆರೆಯ ನೀರನ್ನು ಎಂಬುದನ್ನು ನೆನಪಿಟ್ಟುಕೊಂಡು, ತಿಂದ ಪೊಟ್ಟಣಗಳನ್ನು ಕಾರಿನಲ್ಲಿಯೇ ಇಟ್ಟುಕೊಳ್ಳಿರಿ.

ಸಮಯವಿದ್ದರೆ ಸಂತೇಬೆನ್ನೂರಿನ ಪುಷ್ಕರಣಿಗೆ ಹೋಗಿ ಬನ್ನಿರಿ. 16ನೆಯ ಶತಮಾನದ, ನಡುವೆ ಮಂಟಪವುಳ್ಳ ಈ ಕಲ್ಲಿನ ಕೊಳ ಕೆರೆಯಲ್ಲದಿದ್ದರೂ ದಾರಿಯ ಮನೋಧರ್ಮಕ್ಕೆ ಹೊಂದುತ್ತದೆ.

ಹನ್ನೊಂದರ ಹೊತ್ತಿಗೆ ಚನ್ನಗಿರಿಗೆ ಮರಳಿ, ತೆಂಕಣಕ್ಕೆ ಅಜ್ಜಂಪುರದ ದಾರಿ ಹಿಡಿಯಿರಿ. ಅಜ್ಜಂಪುರದಲ್ಲಿ ಅಮೃತಮಹಲ್ ದನದ ತಳಿಯ ಸಂವರ್ಧನಾ ಕೇಂದ್ರವಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲು ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶವಾಗಿದೆ. ಬಯಲುಸೀಮೆಯ ಈ ಹುಲ್ಲುಗಾವಲುಗಳನ್ನು ಪಾಳು ಭೂಮಿ ಎಂದುಕೊಂಡು ವೇಗ ಹೆಚ್ಚಿಸಬೇಡಿರಿ. ಬೀರೂರು ದಾಟಿ ಕಡೂರಿನಲ್ಲಿ ಊಟ ಮಾಡಿ, 173ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಚಿಕ್ಕಮಗಳೂರಿನ ಕಡೆಗೆ ಹೊರಟರೆ ನಡುದಾರಿಯಲ್ಲಿ ಸಖರಾಯಪಟ್ಟಣ ಸಿಗುತ್ತದೆ. ಮದಗದ ಕೆರೆಯನ್ನೂ ನೋಡಬೇಕೆನ್ನುವವರು ಕಡೂರಿನಿಂದ ಎಮ್ಮೆದೊಡ್ಡಿಯ ಕಡೆಗೆ ಬೇರೆಯೇ ದಾರಿಯಲ್ಲಿ ಹೋಗಬೇಕಾಗುತ್ತದೆ. ಒಂದೇ ಸಂಜೆಯಲ್ಲಿ ಎರಡನ್ನೂ ಸಾಧಿಸಲು ಹೋದರೆ ಎರಡರಲ್ಲೂ ಬೆಳಕು ತಪ್ಪುತ್ತದೆ.

ಸಂಜೆ ನಾಲ್ಕಕ್ಕೆ ಅಯ್ಯನಕೆರೆಯ ಏರಿಯ ಮೇಲಿರಬೇಕು. ಇದೊಂದು ಸಮಯವನ್ನು ಮಾತ್ರ ಮೀರಬೇಡಿರಿ. ಪಕ್ಕದಲ್ಲಿ ಶಕುನಗಿರಿ, ಪಡುವಣದಲ್ಲಿ ಬಾಬಾಬುಡನ್ ಗಿರಿಸಾಲು, ಅವುಗಳ ನಡುವೆ ನೀರು. ಸೂರ್ಯ ಗಿರಿಯ ಹಿಂದೆ ಸರಿದ ಮೇಲೆಯೂ ಸುಮಾರು ಹೊತ್ತು ಆಕಾಶದ ಬಣ್ಣ ನೀರಿನಲ್ಲಿ ಉಳಿಯುವುದರಿಂದ, ಸೂರ್ಯಾಸ್ತವಾಯಿತೆಂದು ಎದ್ದು ಹೊರಡುವವರು ಒಳ್ಳೆಯ ಭಾಗವನ್ನು ಬಿಟ್ಟು ಹೋದಂತೆ. ರುಕ್ಮಾಂಗದ ರಾಯ ಕಟ್ಟಿಸಿದನೆಂದು ಜನ ಹೇಳುವ ಈ ಕೆರೆಯನ್ನು ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಜೀರ್ಣೋದ್ಧಾರ ಮಾಡಲಾಯಿತು. ದಂಡೆಯಲ್ಲಿ ಬಲ್ಲಾಳೇಶ್ವರನ ಗುಡಿಯಿದೆ.

ಕೆರೆಯ ನೀರುಗಂಟಿಯ ಬಗ್ಗೆ ಇಲ್ಲೊಂದು ಕಥೆಯನ್ನು ಹೇಳುತ್ತಾರೆ. ಏರಿ ಒಡೆಯುವ ಹಂತಕ್ಕೆ ಬಂದ ರಾತ್ರಿ ಗಂಗಮ್ಮ ಕಾಣಿಸಿಕೊಂಡು, ತಾನು ಹೊರಡುತ್ತೇನೆಂದು ನೀರುಗಂಟಿಗೆ ತಿಳಿಸಿದಳಂತೆ. ದೊರೆಗೆ ಹೇಳಿ ಬರುವವರೆಗೆ ನಿಂತಿರು ತಾಯಿ ಎಂದು ಭಾಷೆ ಪಡೆದು ಅವನು ಓಡಿದ. ಅವನು ಮರಳದಿದ್ದರೆ ಗಂಗಮ್ಮ ಹೊರಡಲಾರಳೆಂದು ತಿಳಿದ ದೊರೆ ಅವನನ್ನು ಅಲ್ಲಿಯೇ ಕೊಲ್ಲಿಸಿದ. ಆ ಭಾಷೆಯಿಂದಾಗಿ ಏರಿ ಇಂದಿಗೂ ನಿಂತಿದೆ ಎನ್ನುತ್ತಾರೆ. ಏರಿಯ ಮೇಲೆ ಕುಳಿತು ಈ ಕಥೆಯನ್ನು ಕೇಳಿದವರಿಗೆ ಕೆಳಗಿನ ತೋಟಗಳ ಹಸಿರು ಬೇರೆಯಾಗಿ ಕಾಣುತ್ತದೆ.

ಕತ್ತಲಾದ ಮೇಲೆ ಚಿಕ್ಕಮಗಳೂರಿಗೆ ಒಂದು ಗಂಟೆಯೊಳಗೆ ತಲುಪಬಹುದು. ವಾರಾಂತ್ಯದಲ್ಲಿ ಇಲ್ಲಿ ಕೋಣೆ ಸಿಗುವುದು ಕಷ್ಟ, ಆದ್ದರಿಂದ ಇದೊಂದು ರಾತ್ರಿಯ ವಸತಿಯನ್ನು ಮೊದಲೇ ಕಾದಿರಿಸಿಕೊಳ್ಳಿರಿ.

ಮೂರನೆಯ ದಿನ: ಬೇಲೂರು, ಹಳೇಬೀಡು, ಅರಸೀಕೆರೆ

ಚಿಕ್ಕಮಗಳೂರಿನಿಂದ ಬೇಲೂರಿಗೆ ಸುಮಾರು 25 ಕಿ.ಮೀ. ಇಷ್ಟು ಹೊತ್ತಿಗೆ ನೀರಿನ ದಿಕ್ಕು ಬದಲಾಗಿರುತ್ತದೆ. ನಿನ್ನೆಯವರೆಗೆ ನೋಡಿದ ವೇದಾವತಿ, ಹರಿದ್ರಾ ಎರಡೂ ಕೊನೆಗೆ ತುಂಗಭದ್ರೆಯನ್ನು ಸೇರಿ ಕೃಷ್ಣೆಗೆ ಹೋಗುವಂಥವು. ಬೇಲೂರಿನ ಯಗಚಿ ಹೇಮಾವತಿಯನ್ನು ಸೇರಿ ಕಾವೇರಿಗೆ ಹೋಗುತ್ತದೆ. ದಾರಿಯಲ್ಲಿ ಇದನ್ನು ಸಾರುವ ಫಲಕವೇನೂ ಇಲ್ಲ.

ಬೇಲೂರಿನ ಚೆನ್ನಕೇಶವ ಮತ್ತು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಗಳ ಬಗ್ಗೆ ಇಲ್ಲಿ ಬರೆಯಬೇಕಾಗಿಲ್ಲ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಜನಸಂದಣಿ ಹೆಚ್ಚಿರುವುದರಿಂದ ಬೇಲೂರನ್ನು ಬೆಳಗ್ಗೆ ಬೇಗನೆ ಮುಗಿಸಿಕೊಳ್ಳುವುದು ಮೇಲು ಎಂದಷ್ಟೇ ಹೇಳುತ್ತೇನೆ. ಗುಡಿ ನೋಡಿದವರಲ್ಲಿ ಬೇಲೂರಿನ ವಿಷ್ಣುಸಮುದ್ರದ ಕಡೆಗೆ ಹೆಜ್ಜೆ ಹಾಕುವವರು ಕೆಲವರೇ. ಹಳೇಬೀಡಿನಲ್ಲಂತೂ ಕೆರೆಯ ಹೆಸರೇ ರಾಜಧಾನಿಯ ಹೆಸರಾಗಿತ್ತು: ದೋರಸಮುದ್ರ. ಮೊದಲು ಕೆರೆ ಬಂತು, ಅದರ ದಂಡೆಗೆ ಊರು ಬಂತು, ಗುಡಿಗಳು ಆ ಮೇಲಿನವು. ಹೊಯ್ಸಳೇಶ್ವರದ ಆವರಣದಿಂದ ಹೊರಬಂದು ಕೆರೆಯ ದಂಡೆಗೆ ಹೋಗಿ, ನೀರಿನ ಆಚೆಯಿಂದ ಊರನ್ನು ನೋಡಿದರೆ ಈ ಅನುಕ್ರಮ ಸ್ಪಷ್ಟವಾಗುತ್ತದೆ.

ಹಳೇಬೀಡಿನಿಂದ ಜಾವಗಲ್ ಮೂಲಕ ಅರಸೀಕೆರೆಗೆ ಬರಬಹುದು. ಜಾವಗಲ್‌ನ ಲಕ್ಷ್ಮೀನರಸಿಂಹ ದೇವಾಲಯವೂ ಹೊಯ್ಸಳರದೇ, ಅಲ್ಲಿ ಸಾಲಿನಲ್ಲಿ ನಿಲ್ಲುವ ತೊಂದರೆಯಿಲ್ಲ. ಅರಸೀಕೆರೆ ಎಂದರೆ ಅರಸಿಯ ಕೆರೆ. ಹೊಯ್ಸಳ ರಾಣಿಯೊಬ್ಬಳು ಕಟ್ಟಿಸಿದಳೆಂಬ ಹಿನ್ನೆಲೆ ಹೆಸರಿಗಿದೆ. ರೈಲ್ವೆ ಜಂಕ್ಷನ್ ಎಂದಷ್ಟೇ ಈ ಊರನ್ನು ಬಲ್ಲವರು ಇಲ್ಲಿನ 13ನೆಯ ಶತಮಾನದ ಈಶ್ವರ ದೇವಾಲಯದ ಮುಂದಿನ ನಕ್ಷತ್ರಾಕಾರದ ತೆರೆದ ಮಂಟಪವನ್ನು ನೋಡಿದರೆ ಬೆರಗಾಗುತ್ತಾರೆ. ಅದರ ಒಳಮಾಳಿಗೆಯ ಅಡಿಯಲ್ಲಿ ನಿಂತು ಮೇಲೆ ನೋಡಲು ಹತ್ತು ನಿಮಿಷವಾದರೂ ಕೊಡಬೇಕು.

ಅರಸೀಕೆರೆಯನ್ನು ಮಧ್ಯಾಹ್ನ ಎರಡೂವರೆಯೊಳಗೆ ಬಿಡಿರಿ. ತಿಪಟೂರಿನ ಆಸುಪಾಸಿನಲ್ಲಿ ಕೊಬ್ಬರಿ, ತೆಂಗಿನಕಾಯಿ ಲಾರಿಗಳ ಹಿಂದೆ ನಿಧಾನವಾಗುವುದು ಇದ್ದೇ ಇರುತ್ತದೆ. ತಡವಾದರೆ ಭಾನುವಾರ ಸಂಜೆ ಇಡೀ ಬೆಂಗಳೂರು ಒಮ್ಮೆಗೇ ಊರಿಗೆ ಮರಳುವ ಹೊತ್ತಿನಲ್ಲಿ ನೀವೂ ನೆಲಮಂಗಲದ ಸಾಲಿನಲ್ಲಿ ನಿಂತಿರುತ್ತೀರಿ.